ಪಕ್ಕದ ಸಾಲು

ಹೊಲದ ಒಡೆಯ ದೇವಪ್ಪ ಬದುವಿನ ಮೇಲೆ ನಿಂತು ಅಂಗೈ ಚಾಚಿದ. ಅಂಗೈಯಲ್ಲಿ ಬಾಡಿ ಜೋತುಬಿದ್ದ ಉಳ್ಳಾಗಡ್ಡಿ ಸಸಿಗಳಿದ್ದವು.

"ಕಸ ಅಂತ ಕಿತ್ತಾರ, ಗೊತ್ತಾದಮ್ಯಾಗ ತಿರುಗಿ ಮಣ್ಣಾಗ ಚುಚ್ಚ್ಯಾರ. ನಿನ್ನಿ ಈ ಸಾಲಿನ್ಯಾಗ ಯಾರ ಕುಂತಿದ್ರು, ಗಾಳೆವ್ವಾ?"

ಗಾಳೆವ್ವನಿಗೆ ಅಂಗೈ ಕಂಡಿತು, ಅದರ ಮೇಲೊಂದು ಹಸಿರು ಮಬ್ಬು ಕಂಡಿತು. ನೋಡಿ ತಿಳಿಯಬೇಕಾದ್ದೇನೂ ಇರಲಿಲ್ಲ. ಆ ಸಾಲು ಅವಳದೇ.

ನರೇಗಲ್ಲಿನ ಕೂಲಿ ಹೆಂಗಸರ ಗುಂಪಿಗೆ ಗಾಳೆವ್ವನೇ ಹಿರೇಳು. ಬೆಳಿಗ್ಗೆ ಟಂಟಂ ಗಾಡಿ ಯಾರ ಬಾಗಿಲಲ್ಲಿ ನಿಲ್ಲಬೇಕು, ಯಾರನ್ನು ಬಿಟ್ಟು ಮುಂದೆ ಹೋಗಬೇಕು ಎನ್ನುವುದು ಅವಳ ಬಾಯಲ್ಲಿತ್ತು. ಆದರೆ ಹೋದ ಸುಗ್ಗಿಯಿಂದ ಕಣ್ಣಿಗೆ ಪೊರೆ ಬಂದಿತ್ತು. ಉಳ್ಳಾಗಡ್ಡಿ ಹೊಲದಲ್ಲಿ ಜೇಕು ಅಂತ ಒಂದು ಕಸ ಬೆಳೆಯುತ್ತದೆ, ಸಣ್ಣ ಸಸಿಯದೇ ಬಣ್ಣ, ಸಸಿಯದೇ ಸೂಜಿಯಂಥ ಎಲೆ. ಚಲೋ ಕಣ್ಣಿಗೆ ಅವು ಬೇರೆ ಬೇರೆ, ಗಾಳೆವ್ವನ ಕಣ್ಣಿಗೆ ಎರಡೂ ಒಂದೇ. ಇದು ಹೊಲದವರಿಗೆ ತಿಳಿದ ದಿನ ಅವಳು ಕೆಲಸ ಹೋಗಿ ಮನೆಯ ಹೊಸ್ತಿಲಿಗೆ ಬೀಳುತ್ತಿದ್ದಳು. ಸೊಸೆ ದುರ್ಗಾ ಕೆಟ್ಟವಳೇನಲ್ಲ. ಆದರೆ ಕುಂತು ಉಣ್ಣುವವರ ಮುಂದೆ ತಾಟು ಇಡುವಾಗ ಸಪ್ಪಳ ಮಾಡುತ್ತಾಳೆ.

ಗುಟ್ಟು ತಿಳಿದಿದ್ದವಳು ಜಹೀದಾ ಒಬ್ಬಳೇ. ಮೆಣಸಗಿಯಲ್ಲಿ ಹೊಳೆ ಬಂದು ಮನೆ ಬಿದ್ದ ಮೇಲೆ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ನರೇಗಲ್ಲಿನ ಅಣ್ಣನ ಮನೆ ಸೇರಿದ್ದಳು. ಯಾವ ಗುಂಪಿನವರೂ ಕರೆಯದಿದ್ದಾಗ ಗಾಳೆವ್ವ ಕರೆದು ಪಕ್ಕದ ಸಾಲು ಕೊಟ್ಟಳು. ಮೊದಲ ದಿನವೇ ಜಹೀದಾ ಗಾಳೆವ್ವ ಕಿತ್ತ ಕಸದ ಗುಡ್ಡೆ ನೋಡಿದಳು. ತನ್ನ ಸಾಲಿನಿಂದ ಕೈ ಚಾಚಿ ಅದರೊಳಗಿನ ಸಸಿಗಳನ್ನು ಆರಿಸಿ ಮತ್ತೆ ಊರಿದಳು, ಕುಡಿಯಲು ತಂದ ಬಾಟಲಿಯ ನೀರನ್ನು ಬುಡಕ್ಕೆ ಹನಿಸಿದಳು. ಅಂದಿನಿಂದ ದಿನಾ ಅದೇ. ಹಾಗಾಗಿ ಅವಳ ಸಾಲು ಯಾವಾಗಲೂ ಹಿಂದೆ. ಹೆಂಗಸರು ಅವಳಿಗೆ ಹೊಳಿದಂಡಿ ಆಮೆ ಅಂತ ಹೆಸರಿಟ್ಟು ನಕ್ಕರು. ಗಾಳೆವ್ವನೂ ಅವರ ಜೊತೆ ನಕ್ಕಳು.

ಒಮ್ಮೆ ಮಾತ್ರ ಅವಳು, ನಿನಗ ಪುಣ್ಯ ಬರ್ತೈತಿ ಮಗಳ ಎಂದಿದ್ದಳು.

"ಪುಣ್ಯ ತಗೊಂಡು ಏನ್ಮಾಡ್ಲಿ ಯವ್ವಾ?" ಎಂದಿದ್ದಳು ಜಹೀದಾ. "ನೀ ಗಾಡ್ಯಾಗ ನನ್ನ ಜಾಗಾ ಕಾಯಿ, ನಾ ನಿನ್ನ ಸಾಲ ಕಾಯ್ತೀನಿ. ಅಷ್ಟ."

ನಿನ್ನೆ ಬಿಸಿಲು ಭಾಳ ಇತ್ತು. ತನ್ನ ನೀರು ಮುಗಿದಾಗ ಗಾಳೆವ್ವ ಕೇಳದೆಯೇ ಜಹೀದಾಳ ಬಾಟಲಿ ಎತ್ತಿ ತಳ ಕಾಣುವತನಕ ಕುಡಿದಳು. ಜಹೀದಾ ತಿರುಗಿ ಊರಿದ ಸಸಿಗಳು ಒಣ ಮಣ್ಣಿಗೇ ಹೋದವು.

ದೇವಪ್ಪ ಮತ್ತೆ ಕೇಳಿದ. ಹೆಂಗಸರೆಲ್ಲ ತಲೆ ಎತ್ತದೆ ತಮ್ಮ ತಮ್ಮ ಸಾಲು ನೋಡತೊಡಗಿದರು. ನಾಳೆ ಅವರಿಗೂ ಗಾಡಿಯಲ್ಲಿ ಜಾಗ ಬೇಕಿತ್ತು. ಜಹೀದಾಳ ಸೆರಗು ಹೊದ್ದ ತಲೆ ತನ್ನ ಕಡೆ ತಿರುಗಿದ್ದು ಗಾಳೆವ್ವನಿಗೆ ಗೊತ್ತಾಯಿತು. ಅವಳ ಕಣ್ಣು ಕಾಣಲಿಲ್ಲ. ಕಾಣದ್ದೇ ಅನುಕೂಲವಾಯಿತು.

"ಜಹೀದಾ ಕುಂತಿದ್ಲರಿ," ಎಂದಳು.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ಯಾರೂ ನಂಬಲಿಕ್ಕಿಲ್ಲ ಎನಿಸಿತು. "ಎಷ್ಟ ಸಲ ಬಡಕೊಂಡೇನಿ ಇಕಿಗೆ, ಕಣ್ಣ ತೆರದು ಕೆಲಸ ಮಾಡು ಅಂತ. ಕಣ್ಣಿದ್ದೂ ಕುರುಡಿ ಆದ್ರ ನಾ ಹ್ಯಾಂಗ ಮಾಡ್ಲಿ?"

ಯಾರೋ ಆಮೆ ಎಂದರು. ಒಂದಿಬ್ಬರು ನಕ್ಕರು. ದೇವಪ್ಪ, ಇವಳನ್ನು ಈಗಲೇ ಕಳಿಸು, ಇನ್ನು ನನ್ನ ಹೊಲದಲ್ಲಿ ಕಾಲಿಡಿಸಬೇಡ ಎಂದು ಸಸಿಗಳನ್ನು ಬದುವಿಗೆ ಒಗೆದು ಹೋದ.

ಜಹೀದಾ ಕಸ ಕೀಳುವ ಕುರ್ಪಿಯ ಮಣ್ಣು ಒರೆಸಿಕೊಂಡಳು. ಖಾಲಿ ಬಾಟಲಿ ಎತ್ತಿಕೊಳ್ಳಲು ಗಾಳೆವ್ವನ ಹತ್ತಿರ ಬಾಗಿ ಮೆಲ್ಲಗೆ ಹೇಳಿದಳು: "ಖರೇ ಹೇಳಿದ್ರ ನಿನ್ನೂ ಕಳಸ್ತಿದ್ದ, ಮುಚ್ಚಿಟ್ಟಿದ್ದಕ್ಕ ನನ್ನೂ ಕಳಸ್ತಿದ್ದ. ಅದಕ್ಕ ಸುಮ್ಮನಾದೆ. ಬ್ಯಾರೆ ಹೊಲಕ್ಕ ಹೋಗುವಾಗ ಕರೀತಿ ಹೌದಿಲ್ಲೋ?"

"ಕರೀತೀನಿ. ಹೋಗೀಗ."

ದೇವಪ್ಪನ ಹೊಲ ಅಂದೇ ಮುಗಿಯಿತು. ಮರುದಿನ ಬೇರೆಯವರ ಉಳ್ಳಾಗಡ್ಡಿ ಹೊಲ. ಟಂಟಂ ಓಣಿ ದಾಟುವಾಗ ಜಹೀದಾ ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ ಎಂದು ಡ್ರೈವರ್ ಹೇಳಿದ. ನಿಲ್ಲಸಬ್ಯಾಡ ಎಂದಳು ಗಾಳೆವ್ವ. ತನ್ನ ಕಣ್ಣಿನ ಸುದ್ದಿ ಗೊತ್ತಿದ್ದವಳು ದೂರ ಇದ್ದರೇ ಚಲೋ ಎಂದು ರಾತ್ರಿಯೇ ಲೆಕ್ಕ ಹಾಕಿದ್ದಳು. ಜಹೀದಾಳ ಜಾಗದಲ್ಲಿ ದುರ್ಗಾ ಕೂತಿದ್ದಳು.

ಹೊಲದಲ್ಲಿ ದುರ್ಗಾ ಪಕ್ಕದ ಸಾಲು ಹಿಡಿದಳು. ಕೈ ಚುರುಕು. ಕಣ್ಣುಮುಚ್ಚಿ ತೆರೆಯುವುದರೊಳಗೆ ಅವಳ ಕುರ್ಪಿಯ ಸಪ್ಪಳ ಮುಂದೆ ಮುಂದೆ ಹೋಯಿತು.

"ಯಾಕ ಅತ್ತಿ, ಹಿಂದ ಬಿದ್ದಿ?" ಎಂದಳು, ತಿರುಗಿ ನೋಡದೆ.

ಗಾಳೆವ್ವ ಒಂದು ಎಲೆ ಚಿವುಟಿ ಮೂಗಿಗೆ ಹಿಡಿದಳು. ಉಳ್ಳಾಗಡ್ಡಿ. ಬಿಟ್ಟಳು. ಅದರ ಪಕ್ಕದ್ದು ಚಿವುಟಿದಳು. ಅದೂ ಉಳ್ಳಾಗಡ್ಡಿ. ಮತ್ತೊಂದು, ಮಗದೊಂದು, ಎಲ್ಲವೂ ಅದೇ ವಾಸನೆ. ಕಡೆಗೆ ಏನನ್ನೂ ಮುಟ್ಟದೆ, ಬೆರಳುಗಳನ್ನು ಮಣ್ಣಿಗೆ ತಿಕ್ಕಿ, ಸೀರೆಗೆ ಒರೆಸಿ, ಬರೀ ಬೆರಳುಗಳನ್ನು ಮೂಸಿದಳು. ಅವಕ್ಕೂ ಉಳ್ಳಾಗಡ್ಡಿಯದೇ ವಾಸನೆ.