ಪರಾಮರ್ಶನ ಮೇಜಿನ ಚೀಟಿಗಳು

ಮಾನ್ಯ ವಾಚಕ ಮಹಾಶಯರೇ, ಗ್ರಂಥಾಲಯವೆಂದರೆ ಶಾಂತಿಯ ನೆಲೆಯೆಂದು ತಾವು ಭಾವಿಸಿದ್ದಲ್ಲಿ, ಆ ಭಾವನೆಯನ್ನು ಈ ಕಥೆ ಮುಗಿಯುವವರೆಗೆ ದಯಮಾಡಿ ಪಕ್ಕಕ್ಕಿಡಬೇಕಾಗಿ ವಿನಂತಿ.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಕೇಳಿದವರಿಗೆ ಬೇಕಾದ ಮಾಹಿತಿ ಹುಡುಕಿಕೊಡುವ ಪರಾಮರ್ಶನ ಮೇಜಿನ ಹಿಂದೆ ಇಪ್ಪತ್ತೆರಡು ವರ್ಷ ಕುಳಿತಿದ್ದ ಗ್ರಂಥಪಾಲಕಿಗೆ, ಎದುರಿನ ಕಿಟಕಿಯ ಬಳಿ ಇನ್ನೊಂದು ಮೇಜು ಬಂದ ದಿನದಿಂದ ಊಟ ರುಚಿಸಲಿಲ್ಲ. ಅದು ಬರವಣಿಗೆ ಕೇಂದ್ರದ್ದು. ಪ್ರಬಂಧ ಬರೆಯುವವರಿಗೆ ನೆರವಾಗಲು ಅಲ್ಲೊಬ್ಬ ನಗುಮೊಗದ ಮೇಡಂ ಕುಳಿತರು. ಗ್ರಂಥಾಲಯವೂ ಬರವಣಿಗೆ ಕೇಂದ್ರವೂ ಇನ್ನು ಕೈಜೋಡಿಸಿ ದುಡಿಯಬೇಕೆಂದು ಸುತ್ತೋಲೆ ಹೊರಟಿತ್ತು.

ಆ ಮೇಜು ತಮ್ಮ ಕೆಲಸಕ್ಕೇ ಕುತ್ತೆಂಬ ಗ್ರಂಥಪಾಲಕಿಯ ಸಂಶಯಕ್ಕೆ ಆಧಾರವಿಲ್ಲದಿರಲಿಲ್ಲ. ಅವರ ಬಳಿ ಬಂದವರು ಮೊದಲು ಚೀಟಿಯಲ್ಲಿ ತಮ್ಮ ಪ್ರಶ್ನೆ ಬರೆದುಕೊಡಬೇಕು. ತಿಂಗಳ ಕೊನೆಗೆ ಆ ಚೀಟಿಗಳು ಎಣಿಕೆಗಾಗಿ ಕಚೇರಿ ಸೇರುತ್ತವೆ. ಮೊದಲೇ ಕಡಿಮೆಯಾಗುತ್ತಿದ್ದ ಚೀಟಿಗಳು ಹೊಸ ಮೇಜು ಬಂದ ಮೇಲೆ ಅರ್ಧಕ್ಕಿಳಿದಿದ್ದವು. ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವರ ತಮ್ಮನೇ ಸುದ್ದಿ ತಂದನು.

"ಅಕ್ಕಾ, ಈ ತಿಂಗಳೂ ಹೀಗೇ ಆದ್ರೆ ನಿನ್ನ ಮೇಜು ಎತ್ತಿಸ್ತಾರಂತೆ. ನಿನ್ನನ್ನ ನೆಲಮಾಳಿಗೇಲಿ ಹಳೇ ಪತ್ರಿಕೆ ಕಟ್ಟೋಕೆ ಹಾಕ್ತಾರೆ."

"ಆ ಮಹಾತಾಯಿ ಕೆಲಸ ಕಣೋ ಇದು. ನಗುನಗ್ತಾನೇ ನನ್ನ ಬುಡಕ್ಕೆ ಕೊಡಲಿ ಇಡ್ತಿದ್ದಾಳೆ."

"ಕಣ್ಣಾರೆ ಕಂಡ್ಯಾ?"

"ಕಾಣೋದೇನು, ವಾಸನೆ ಬರುತ್ತೆ."

"ಹಾಗಾದ್ರೆ ನೀನು ಪೊಲೀಸ್ ನಾಯಿ ಕೆಲಸಕ್ಕೆ ಸೇರ್ಬೇಕಿತ್ತು" ಎಂದು ತಮ್ಮ ನಕ್ಕು ಬೈಸಿಕೊಂಡನು.

ಮರುದಿನ ಗ್ರಂಥಪಾಲಕಿ ಧೂಳು ಒರೆಸುವ ನೆವದಲ್ಲಿ ಕಿಟಕಿಯ ಬಳಿಯ ನಿಘಂಟುಗಳ ಕಪಾಟಿನ ಹಿಂದೆ ನಿಂತು ಕಿವಿಗೊಟ್ಟರು. ಹುಡುಗಿಯೊಬ್ಬಳು ಬಂದು ಕುಳಿತಳು.

"ಮೇಡಂ, ನೀರಿನ ಬಗ್ಗೆ ಬರೀಬೇಕು."

"ನೀರಂದ್ರೆ ಸಮುದ್ರವೂ ಬಂತಲ್ಲಮ್ಮ! ಯಾವ ನೀರು?"

"ನಮ್ಮ ಬೀದಿ ನಲ್ಲೀದು. ವಾರಕ್ಕೆ ಎರಡೇ ದಿನ ಯಾಕೆ ಬರುತ್ತೆ ಅಂತ."

"ಸಿಕ್ತಲ್ಲ ಪ್ರಶ್ನೆ! ವರದಿಗಳು ಎಲ್ಲಿವೆ ಅಂತ ನನಗೆ ಗೊತ್ತಿಲ್ಲ. ಎದುರಿನ ಮೇಡಂನ ಕೇಳು, ಅವರು ಕಣ್ಣು ಮುಚ್ಕೊಂಡೇ ತೆಗೆದುಕೊಡ್ತಾರೆ."

"ಅಯ್ಯೋ, ಅಲ್ಲಿಗಾ? ಮೊನ್ನೆ ಚೀಟೀಲಿ ‘ನೀರು’ ಅಂತ ಬರೆದೆ. ಇದು ಪ್ರಶ್ನೆಯೇ ಅಲ್ಲ ಅಂತ ಹರಿದು ಬುಟ್ಟಿಗೆ ಹಾಕಿದ್ರು."

"ನೀನೊಬ್ಬಳೇ ಅಲ್ಲ ಬಿಡು. ದಿನಾ ನಾಲ್ಕೈದು ಜನಾನ ಕಳಿಸ್ತೀನಿ. ಎಲ್ಲರೂ ಅರ್ಧ ದಾರೀಲೇ ತಿರುಗಿ ಬರ್ತಾರೆ."

ಕಪಾಟಿನ ಹಿಂದೆ ಒರೆಸುವ ಬಟ್ಟೆ ನಿಂತಿತು. ಹರಿದ ಚೀಟಿ ಒಂದೇ ಎರಡೇ? ಪ್ರತಿ ಸಂಜೆ ಬುಟ್ಟಿ ತುಂಬುತ್ತಿತ್ತು. ತುಂಬಿಸಿದ್ದು ಗ್ರಂಥಪಾಲಕಿಯದೇ ಕೈ. ಮರುಗಳಿಗೆಯೇ ಇನ್ನೊಂದು ಸಂಶಯ ತಲೆಯೆತ್ತಿತು: ನಾನಿಲ್ಲಿರುವುದು ತಿಳಿದೇ ಈಕೆ ಹೀಗೆ ಹೊಗಳಿದಳೋ ಹೇಗೆ?

ಅವರು ಹೊರಬಂದುದೇ ತಡ, ಹುಡುಗಿ ಬೆಚ್ಚಿಬಿದ್ದಳು.

"ಯಾವ ಬೀದಿ ನಲ್ಲಿ?" ಎಂದರು ಗ್ರಂಥಪಾಲಕಿ.

"ಇಲ್ಲೇ ಇದ್ರಾ ಮೇಡಂ? ಕೂತ್ಕೊಳ್ಳಿ, ಕುರ್ಚಿ ತರಿಸ್ತೀನಿ" ಎಂದರು ಬರವಣಿಗೆ ಕೇಂದ್ರದ ಮೇಡಂ.

"ಬೇಡ. ನನ್ನ ಕುರ್ಚಿ ನನಗಿದೆ. ಇಲ್ಲಿ ಹುಟ್ಟೋ ಪ್ರಶ್ನೆಗಳ ಚೀಟಿ ಮಾತ್ರ ನನ್ನ ಹೆಸರಿಗೇ ಬರಬೇಕು. ಈಗಲೇ ಹೇಳಿದ್ದೀನಿ."

"ಆಗಲಿ. ನನಗೆ ಚೀಟಿಯೇನು ಮಾಡೋಕೆ?"

ಇಷ್ಟು ಸಲೀಸಾಗಿ ಒಪ್ಪಿದ್ದು ಗ್ರಂಥಪಾಲಕಿಗೆ ಅಷ್ಟೇನೂ ಹಿಡಿಸಲಿಲ್ಲ. ಆದರೂ ತಮ್ಮ ಮೇಜಿಗೆ ಮರಳಿ, ಚೀಟಿಯ ಕಟ್ಟು, ಪೆನ್ನು, ಕನ್ನಡಕದ ಡಬ್ಬಿಗಳನ್ನು ಚೀಲಕ್ಕೆ ತುಂಬಿದರು. ಡ್ರಾಯರಿಗೆ ಬೀಗ ಹಾಕಿ ಎರಡು ಬಾರಿ ಜಗ್ಗಿ ನೋಡಿದರು. ಬಳಿಕ ಕುರ್ಚಿಯನ್ನು ಎತ್ತಿಕೊಂಡು, ಆ ನಗುಮೊಗದ ಮೇಲಿಟ್ಟ ಕಣ್ಣನ್ನು ಕದಲಿಸದೆ, ಕಿಟಕಿಯ ಕಡೆಗೆ ಹೊರಟರು.