ಮೂರನೆಯ ಕುರ್ಚಿ

ಮೊಳೆಯನ್ನು ಹಲಗೆಯ ಮೇಲೆ ನಿಲ್ಲಿಸಿ ಸುತ್ತಿಗೆ ಎತ್ತಿದ ಅಬ್ದುಲ್ ರಹಮಾನ್ ಹಾಗೆಯೇ ತಡೆದ.

"ನಂಜಣ್ಣ, ಈ ಒರಗೋ ಹಲಗೆ ಇನ್ನೊಂದು ಗೇಣು ಉದ್ದ ಬೇಕಾಗಿತ್ತೇನೋ. ಸ್ವಾಮಣ್ಣನ ಬೆನ್ನು ದೊಡ್ಡದು."

"ಹೊಡೀರಿ ಸಾಬ್ರೇ, ಸಾಲ್ತದೆ. ಬದುಕಿದ್ದಾಗ ಎಲ್ಲಿ ಒರಗಿ ಕೂತಿದ್ದ ಅವ್ನು? ಯಾವಾಗ್ಲೂ ಮುಂದಕ್ಕೆ ಬಗ್ಗಿ, ಯಾರಾನ ಏನಾರ ಕೇಳ್ತಾರಾ ಅಂತ ಕಾಯ್ಕಂಡೇ ಕೂತಿರ್ತಿದ್ದ," ಎಂದ ಹಲಗೆಯ ತುದಿ ಹಿಡಿದಿದ್ದ ಕೇರಿಯ ನಂಜಣ್ಣ.

ಶಾಮಿಯಾನದ ಕೆಳಗಿದ್ದ ನಾಲ್ಕಾರು ಜನ ನಕ್ಕರು. ನಕ್ಕಿದ್ದು ತಪ್ಪಾಯಿತೇನೋ ಎಂದು ಒಬ್ಬ ಜಗುಲಿಯ ಕಡೆ ನೋಡಿದ. ಅಲ್ಲಿ, ಗೋಡೆಗೆ ಇಟ್ಟ ದಿಂಬುಗಳ ನಡುವೆ, ಹಣೆಯ ತುಂಬ ವಿಭೂತಿ ಬಳಿಸಿಕೊಂಡು ಪ್ರಭುಸ್ವಾಮಿ ಕೂತಿದ್ದ. ಈ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಹೂ ಹಾಕಿ, ಕೂರಿಸಿಯೇ ಹೊತ್ತು, ಕೂರಿಸಿಯೇ ಮಣ್ಣು ಮಾಡುತ್ತಾರೆ. ಹಾಗೆ ಹೊರುವುದಕ್ಕೆ ಒಂದು ಪೀಠ ಬೇಕು. ಹುಣಸೂರು ಪೇಟೆಯಲ್ಲಿ ಬಡಗಿ ಅಂಗಡಿ ಇಟ್ಟಿದ್ದ ರಹಮಾನ್ ಸುದ್ದಿ ಕೇಳಿದವನೇ ಅಂಗಡಿ ಮುಚ್ಚಿ, ಗೂಡ್ಸ್ ಆಟೋದಲ್ಲಿ ಮರ ಹೇರಿಕೊಂಡು ಹನಗೋಡಿಗೆ ಬಂದಿದ್ದ. ಪ್ರಭುಸ್ವಾಮಿಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬಾಗಿಲು ಮಾಡಿದವನು ಅವನೇ. ಈಚೆಗೆ ಇಬ್ಬರೂ ಟೀವಿಯ ರಸಪ್ರಶ್ನೆಯಲ್ಲಿ ಒಂದೇ ತಂಡವಾಗಿ ಅಕ್ಕಪಕ್ಕ ಕೂತಿದ್ದವರು.

ಸೊಸೆ ಚೈತ್ರ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದಳು. ರಹಮಾನ್ ಲೋಟ ತೆಗೆದುಕೊಳ್ಳುತ್ತ ದನಿ ತಗ್ಗಿಸಿದ.

"ಆ ಟೀವಿ ಹುಡುಗಿ ಫೋನ್ ಮಾಡಿದ್ಲೇನವ್ವ?"

"ಮಾಡಿದ್ರು ರಹಮಾನಣ್ಣ. ಮಧುಶ್ರೀ. ಪಾಪ, ಅತ್ತುಬಿಟ್ರು. ಆಮೇಲೆ, ಸಾಯಂಕಾಲದೊಳಗೆ ಹೇಳಿ ಅಂದ್ರು. ನಾಳೆ ಬೆಳಗ್ಗೆ ಮೈಸೂರಲ್ಲಿ ಫೈನಲ್ ಶೂಟಿಂಗ್ ಇದ್ದೇ ಇದೆಯಂತೆ. ಅರವತ್ತು ದಾಟಿದೋರು ಬೇರೆ ಯಾರನ್ನಾದ್ರೂ ಕೂರಿಸ್ಕೋಬಹುದಂತೆ. ಇಲ್ಲಾಂದ್ರೆ ಆಡದೇನೇ ಪಿರಿಯಾಪಟ್ಟಣದೋರು ಗೆದ್ದಂಗೆ."

"ಮನೇಲಿ ಹೇಳಿದ್ಯಾ?"

ಚೈತ್ರ ಜಗುಲಿಯ ಕಡೆ ನೋಡಿದಳು. ಪ್ರಭುಸ್ವಾಮಿಯ ಅಕ್ಕ ಯಶೋದಮ್ಮ ತಮ್ಮನ ಮೊಣಕಾಲು ಹಿಡಿದುಕೊಂಡು ಹಾಡಿ ಅಳುತ್ತಿದ್ದಳು. ಹೆಂಡತಿ ನೀಲಾಂಬಿಕೆ ಅಳುತ್ತಿರಲಿಲ್ಲ. ಗಂಡನ ಕೊರಳಿನ ಹಾರದಲ್ಲಿ ಬಾಡಿದ ಹೂವನ್ನು ಒಂದೊಂದಾಗಿ ಕಿತ್ತು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

"ಹೆಂಗ್ ಹೇಳ್ಲಿ?" ಎಂದಳು ಚೈತ್ರ.

*

'ತಾಲ್ಲೂಕು ತಾಕತ್ತು' ಎಂಬ ಆ ಕಾರ್ಯಕ್ರಮಕ್ಕೆ ಅರ್ಜಿ ಹಾಕಿದ್ದು ಚೈತ್ರಳೇ. ತಾಲ್ಲೂಕಿಗೊಂದು ತಂಡ, ತಂಡಕ್ಕೆ ಮೂರು ಕುರ್ಚಿ: ಒಬ್ಬ ಹೆಂಗಸು, ಅರವತ್ತು ದಾಟಿದ ಒಬ್ಬರು, ಇನ್ನೊಬ್ಬರು ಯಾರಾದರೂ ಸರಿ. ಅವಳು ಹೆಸರು ಬರೆಯುವ ಮೊದಲೇ ಮಾವ ಅಂಗಿ ತೊಟ್ಟು ನಿಂತಿದ್ದ.

ಪ್ರಭುಸ್ವಾಮಿಗೆ ಉತ್ತರ ಹೇಳುವ ಚಟ. ಬಸ್ಸಿನಲ್ಲಿ ಯಾರೋ ಯಾರನ್ನೋ ದಾರಿ ಕೇಳಿದರೆ ಹಿಂದಿನ ಸೀಟಿನಿಂದ ಇವನು ಹೇಳುತ್ತಿದ್ದ. ಬ್ಯಾರನ್ನಿಗೆ ಸೌದೆ ಹಾಕುತ್ತ ರೇಡಿಯೋ ಕೇಳಿ ಕೇಳಿ ಎಷ್ಟೋ ಸಂಗತಿ ತಲೆಗೆ ಸೇರಿದ್ದವು. ಅರ್ಧ ಸರಿ ಇರುತ್ತಿದ್ದವು. ಉಳಿದರ್ಧವನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದ.

ಕೋಟೆ ತಾಲ್ಲೂಕಿನವರ ಮೇಲೆ ಹುಣಸೂರು ತಂಡದ ಸೆಮಿಫೈನಲ್. ನಿರೂಪಕ ಕಾರ್ಡು ನೋಡಿ ಓದಿದ: "ತಂಬಾಕು ಬೆಳೆಯನ್ನು ನಮ್ಮ ದೇಶಕ್ಕೆ ಮೊದಲು ತಂದವರು..."

ಪ್ರಶ್ನೆ ಮುಗಿಯುವುದಕ್ಕೆ ಮೊದಲೇ ಪ್ರಭುಸ್ವಾಮಿಯ ಅಂಗೈ ಗುಂಡಿಯ ಮೇಲೆ ಬಿದ್ದಿತ್ತು.

"ತಂಬಾಕು ಬೋರ್ಡಿನೋರು!"

ಸ್ಟುಡಿಯೋ ನಗೆಯಲ್ಲಿ ಮುಳುಗಿತು. ಕೋಟೆಯವರು ಪೋರ್ಚುಗೀಸರೆಂದು ಹೇಳಿ ಅಂಕ ತೆಗೆದುಕೊಂಡರು. ಆಮೇಲೆ ಕ್ರಿಕೆಟ್ ಬ್ಯಾಟಿನ ಮರ ಯಾವುದೆಂದು ರಹಮಾನ್ ಹೇಳಿದ. ಕೊನೆಯ ಸುತ್ತನ್ನು ಚೈತ್ರ ಒಬ್ಬಳೇ ಎಳೆದು ದಡ ಸೇರಿಸಿದಳು.

ವಾಪಸು ಬರುವಾಗ ವ್ಯಾನಿನಲ್ಲಿ ಅವಳಿಗೆ ಸಿಟ್ಟು ಇಳಿದಿರಲಿಲ್ಲ.

"ಮಾವ, ಪ್ರಶ್ನೆ ಪೂರ್ತಿ ಕೇಳಿಸ್ಕಳಿ ಅಂತ ಎಷ್ಟು ಸಲ ಬಡ್ಕೊಂಡೆ ನಾನು?"

"ನಾನೇನವ್ವ ಸುಳ್ಳೇಳ್ದೆ? ಲೈಸೆನ್ಸು, ಬೀಜ ಎಲ್ಲಾ ಬೋರ್ಡಿಂದಲೇ ಬಂತಲ್ವಾ. ಪೋರ್ಚುಗೀಸ್ನೋನು ಬಂದು ನಮ್ ಬ್ಯಾರನ್ನಿಗೆ ಬೆಂಕಿ ಹಾಕ್ದನಾ?"

ರಹಮಾನ್ ಕಿಟಕಿಯ ಕಡೆ ತಿರುಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಗೊತ್ತಿಲ್ದಾಗ ಸುಮ್ನಾದ್ರೂ ಇರಿ."

"ಅದೊಂದ್ ಹೇಳ್ಬ್ಯಾಡ. ನಮ್ಮಂತೋರ್ನ ಕೇಳೋರು ಇರೋದೇ ಅಪರೂಪ ಕಣವ್ವ. ಕೇಳ್ದಾಗ್ಲೂ ಸುಮ್ನೆ ಕೂತ್ರೆ ಇನ್ನೊಂದ್ಸಲ ಕೇಳ್ತಾರಾ?"

ಡಿಗ್ರಿ ಮುಗಿಸಿ ಈ ಮನೆಗೆ ಬಂದ ಮೇಲೆ ಅಡುಗೆ ಆಯಿತಾ, ಹಾಲು ಕರೆದಾಯಿತಾ ಎಂಬುದನ್ನು ಬಿಟ್ಟು ಚೈತ್ರಳನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಕೇಳಿದ್ದು ಮಾವ ಒಬ್ಬನೇ. ಈಗ ಹನಗೋಡಿನ ಬಸ್ ಸ್ಟ್ಯಾಂಡಿನಲ್ಲೂ ಅವನು ಅವಳನ್ನು ಸೊಸೆ ಎಂದು ತೋರಿಸುತ್ತಿರಲಿಲ್ಲ. "ಇವ್ರೇ ನಮ್ ಕ್ಯಾಪ್ಟನ್ನು" ಎನ್ನುತ್ತಿದ್ದ.

*

ನಿನ್ನೆ ಇಳಿಹೊತ್ತಿನಲ್ಲಿ ಅವಳು ಜಗುಲಿಯ ಮೆಟ್ಟಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಪ್ರಶ್ನೆಗಳ ಪುಸ್ತಕ ತೆರೆದಿತ್ತು. ಮಾವ ಹಿಂದೆ, ಕಂಬದ ಬುಡದಲ್ಲಿ.

"ಸೂರ್ಯನಿಗೆ ಹತ್ತಿರದ ಗ್ರಹ?"

"ಬುಧ. ಮುಂದುಕ್ ನಡಿ."

"ಮಾನವನ ದೇಹದಲ್ಲಿ ಅತಿ ದೊಡ್ಡ ಗ್ರಂಥಿ?"

"ಲಿವರ್ರು. ಕಷ್ಟದ್ದು ಕೇಳವ್ವ."

"ಕರ್ನಾಟಕದ ಅತಿ ಎತ್ತರದ ಬೆಟ್ಟ ಯಾವುದು, ಮತ್ತು ಅದು ಯಾವ ಜಿಲ್ಲೆಯಲ್ಲಿದೆ?"

ಉತ್ತರ ಬರಲಿಲ್ಲ. ಚೈತ್ರ ಸುಲಿಯುತ್ತಲೇ ಮುಗುಳ್ನಕ್ಕಳು. ಅಂತೂ ಮಾವ ತಾಳ್ಮೆ ಕಲಿತರು, ಫೈನಲ್ಲಿನಲ್ಲಿ ತೊಂದರೆಯಿಲ್ಲ ಎಂದುಕೊಂಡಳು. ಇನ್ನೊಂದು ಹಿಡಿ ಕಾಯಿ ಸುಲಿದಳು. ಆಮೇಲೆ ತಿರುಗಿ ನೋಡಿದಳು.

*

ಮಧ್ಯಾಹ್ನ ಇಳಿಯುವಷ್ಟರಲ್ಲಿ ಪೀಠ ಎತ್ತಿದರು. ಮುಂದಿನ ಎರಡು ತುದಿಗಳಿಗೆ ಮಗ ರೇಣುಕಾಪ್ರಸಾದ ಮತ್ತು ನಂಜಣ್ಣ, ಹಿಂದಕ್ಕೆ ರಹಮಾನ್ ಮತ್ತು ಕೇರಿಯ ಇನ್ನೊಬ್ಬ. ಹೊಳೆಯ ಕಡೆಯ ಸ್ವಂತ ಹೊಲದಲ್ಲಿ ಗುಂಡಿ ತೆಗೆದಿದ್ದರು. ನೀಲಕಂಠಸ್ವಾಮಿ ಅಯ್ಯನವರು ಇಷ್ಟಲಿಂಗವನ್ನು ಪ್ರಭುಸ್ವಾಮಿಯ ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಬಿಲ್ವಪತ್ರೆ, ವಿಭೂತಿ, ಉಪ್ಪು ಒಂದಾದ ಮೇಲೊಂದು ಇಳಿದವು. ಅಯ್ಯನವರು ಪಕ್ಕಕ್ಕೆ ಸರಿದಾಗ ರಹಮಾನ್ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದ.

"ಹೋಗ್ಬಾ ಸ್ವಾಮಣ್ಣ," ಎಂದ. "ಅಲ್ಲಾದ್ರೂ ಪೂರ್ತಿ ಕೇಳಿಸ್ಕಂಡು ಹೇಳು."

ರೇಣುಕಾಪ್ರಸಾದನಿಗೆ ಅಲ್ಲಿಯವರೆಗೂ ಬಾರದಿದ್ದ ಅಳು ಆಗ ಬಂತು.

*

ಕಾಲು ತೊಳೆದುಕೊಂಡು ಎಲ್ಲರೂ ಶಾಮಿಯಾನದಲ್ಲಿ ಕೂತಾಗ ಚೈತ್ರಳ ಫೋನು ಮತ್ತೆ ಬಡಿದುಕೊಂಡಿತು. ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಳು.

"ಯಾರವ್ವ ಅದು, ಬಿಡ್ದಂಗೆ ಹೊಡ್ಕತಾವ್ರೆ?" ಎಂದಳು ಯಶೋದಮ್ಮ.

ಚೈತ್ರ ಹೇಳಿದಳು. ಮುಚ್ಚಿಡದೆ, ನಿಯಮವನ್ನೂ ಸೇರಿಸಿ ಹೇಳಿದಳು.

"ಅಯ್ ಶಿವನೇ! ಮಣ್ಣು ಇನ್ನೂ ಅಸಿ ಅದೆ, ಟೀವಿಗೋಯ್ತಾಳಂತೆ! ಅನ್ನೊಂದು ದಿನ ಸೊಸೆ ಒಸ್ಲು ದಾಟಂಗಿಲ್ಲ. ಇಲ್ಲ ಅಂತ ಏಳ್ಬುಡು."

ನಂಜಣ್ಣ ಎಲೆಗೆ ಸುಣ್ಣ ಸವರುತ್ತಿದ್ದವನು ತಲೆ ಎತ್ತಿದ. "ಯಶೋದಕ್ಕ, ನಿನ್ ಕೊಟ್ಟಿರೋದು ಪಿರಿಯಾಪಟ್ಟಣ ತಾಲ್ಲೂಕ್ಗಲ್ವಾ? ನಿಮ್ಮೋರು ಸುಮ್ನೆ ಗೆಲ್ಲಲಿ ಅಂತ ಏನಾರ ಅನ್ನೊಂದು ದಿನ ಲೆಕ್ಕ ತಗೀತಿದ್ದೀಯೋ?"

"ನಿನ್ ಬಾಯಿಗೆ ಮಣ್ಣಾಕ! ಸತ್ತೋನು ನನ್ ತಮ್ಮ ಕಣ್ಲಾ."

"ಅಯ್ಯನೋರ್ನೇ ಕೇಳನ ಬುಡಿ," ಎಂದ ರೇಣುಕಾಪ್ರಸಾದ. ಅವನಿಗೆ ಹೆಂಡತಿಯ ಮುಖವನ್ನೂ ನೋಡಲಾಗುತ್ತಿರಲಿಲ್ಲ, ಸೋದರತ್ತೆಯ ಮುಖವನ್ನೂ.

ಅಯ್ಯನವರು ಶಲ್ಯ ಸರಿಮಾಡಿಕೊಂಡರು. "ನಮಗೆ ಸೂತಕ ಇಲ್ಲ ಯಶೋದಮ್ಮ. ಲಿಂಗ ಕಟ್ಟಿದೋರಿಗೆ ಸಾವಿನ ಸೂತಕ ಎಲ್ಲಿಂದ ಬರಬೇಕು?"

"ಮತ್ತೆ ಊರಲ್ಲಿ ಎಲ್ರೂ ಹಿಡೀತಾರಲ್ಲ ಬುದ್ಧಿ?"

"ಹಿಡೀತಾರೆ. ನಮ್ಮ ಮನೇಲೂ ಹಿಡೀತೀವಿ. ಅಕ್ಕಪಕ್ಕದೋರ್ನ ನೋಡಿ ಬಂದ ರೂಢಿ ಅದು. ಧರ್ಮ ಕೇಳಿದ್ರೆ ಇಲ್ಲ ಅಂತೀನಿ. ಊರಿನ ಬಾಯಿ ಮಾತ್ರ ನನ್ ಕೈಲಿಲ್ಲಪ್ಪ."

ಯಾರಿಗೂ ಅತ್ತ ಇಲ್ಲ ಇತ್ತ ಇಲ್ಲ ಎನ್ನುವಂತಾಯಿತು. ಆಗ ಚೈತ್ರ, "ನಂಗೆ ಹೋಗ್ಬೇಕು," ಎಂದಳು. "ದುಃಖ ಇಲ್ದೆ ಹೇಳ್ತಿಲ್ಲ ದೊಡ್ಡತ್ತೆ. ಮಾವ ಇದ್ದಿದ್ರೆ ಇಷ್ಟೊತ್ತಿಗೆ ಹೋಗ್ತೀವಿ ಅಂತ ಅವ್ರೇ ಫೋನ್ ತಗೊಂಡು ಹೇಳ್ಬಿಡ್ತಿದ್ರು. ಇವತ್ತು ಬಿಟ್ರೆ ನನ್ನ ಇನ್ಯಾರೂ ಕರೆಯಲ್ಲ."

"ಓಗ್ತೀಯ ಸರಿ. ಆ ಮೂರ್ನೇ ಕುರ್ಚೀಲಿ ಕೂರೋರ್ಯಾರು?" ಎಂದಳು ಯಶೋದಮ್ಮ. "ಈ ನಂಜನ್ನ ಕರ್ಕಂಡೋಯ್ತೀಯಾ?"

"ನಂಗಿನ್ನೂ ಅರವತ್ತಾಗಿಲ್ಲ ಕಣಕ್ಕ," ಎಂದು ನಂಜಣ್ಣ ಗಾಬರಿಯಿಂದ ಹಿಂದೆ ಸರಿದ.

ನೀಲಾಂಬಿಕೆ ಬಾಗಿಲ ಪಕ್ಕ ಕೂತಿದ್ದಳು. ಕೈ ನೆಲಕ್ಕೆ ಊರಿ ಎದ್ದು ಬಂದು, ಸೊಸೆಯ ಕೈಯಲ್ಲಿ ಮತ್ತೆ ಬಡಿದುಕೊಳ್ಳತೊಡಗಿದ್ದ ಫೋನನ್ನು ತೆಗೆದುಕೊಂಡಳು.

"ಅಲೋ, ಮಧುಶ್ರೀನಾ? ನಾನು ನೀಲಾಂಬಿಕೆ, ಪ್ರಭುಸ್ವಾಮಿ ಎಂಗಸ್ರು. ನಂಗೆ ಅರವತ್ತು ದಾಟಿ ಮೂರೊರ್ಸ ಆಯ್ತು ಕಣವ್ವ. ಸಾಕಾ?"

ಆ ಕಡೆಯಿಂದ ಏನೋ ಹೇಳಿದರು. "ಆಧಾರ್ ಕಾರ್ಡು ತತ್ತೀನಿ. ಎಷ್ಟೊತ್ಗೆ ಬರ್ಬೇಕು?" ಎಂದು ಕೇಳಿಕೊಂಡು ಫೋನನ್ನು ಚೈತ್ರಳಿಗೆ ಕೊಟ್ಟಳು.

ಯಶೋದಮ್ಮನ ಬಾಯಿ ತೆರೆದೇ ಇತ್ತು.

"ನೀನಾ? ಅಲ್ಲೋಗಿ ಏನೇಳೀಯೇ ನೀನು? ನಿಂಗೇನ್ ಗೊತ್ತು?"

"ಬ್ಯಾರನ್ ಒಲೆ ಮುಂದೆ ನಾನೂ ಕೂತಿದ್ದೆ ಅತ್ತಿಗೆ, ಒಂದಷ್ಟು ಕಿವಿಗೆ ಬಿದ್ದದೆ. ಗೊತ್ತಿದ್ರೆ ಏಳ್ತೀನಿ. ಗೊತ್ತಿಲ್ದಿದ್ರೆ ಸುಮ್ಕೆ ಕೂತ್ಕತೀನಿ. ನಿಮ್ ತಮ್ಮನ ಕೈಲಿ ಅದೊಂದೇ ಆಯ್ತಿರ್ನಿಲ್ಲ."

ಮೊದಲು ನಕ್ಕಿದ್ದು ರಹಮಾನ್. ಆಮೇಲೆ ಅಯ್ಯನವರ ಹೊಟ್ಟೆ ಕುಲುಕಿತು. ಯಶೋದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಚೈತ್ರ ಹತ್ತಿರ ಹೋದಳು. ಸೆರಗು ಸರಿಸಿದಾಗ ಅಳುವೂ ಇತ್ತು, ನಗುವೂ ಇತ್ತು.

"ಅವ್ನು ಸಣ್ಣೋನಿದ್ದಾಗ್ಲೂ ಅಂಗೇ ಕಣವ್ವ," ಎಂದಳು. "ಇಸ್ಕೂಲಲ್ಲಿ ನನ್ನ ಕೇಳಿದ್ರೆ ಅವ್ನು ಏಳೋನು. ಏಟು ನಂಗೆ ಬೀಳೋದು."

ಮೂಗು ಒರೆಸಿಕೊಂಡಳು. ಆಮೇಲೆ ಅತ್ತಿಗೆಯ ಪಟ್ಟವನ್ನು ಪೂರ್ತಿ ಬಿಟ್ಟುಕೊಡದ ಗತ್ತಿನಲ್ಲಿ ನೀಲಾಂಬಿಕೆಯ ಕೈ ಹಿಡಿದು ತನ್ನ ಎದುರಿಗೆ ಎಳೆದು ಕೂರಿಸಿಕೊಂಡಳು.

"ನೋಡು. ನಾಳೆ ನಮ್ ತಾಲ್ಲೂಕ್ನೋರ ಮುಂದೆ ನೀನು ಬಾಯ್ ಬುಡ್ದಂಗೆ ಕೂತ್ಕಂಡ್ರೆ, ನನ್ ತವರಿನ ಮರ್ವಾದೆ ಏನಾಯ್ತದೆ? ನಮ್ಮೂರಲ್ಲಿ ನಾನು ತಲೆ ಎತ್ಕಂಡು ತಿರಗ್ಬ್ಯಾಡ್ವಾ? ಎಲ್ಲಿ, ಈಗ ಉತ್ರ ಏಳು. ಬೈಲಕುಪ್ಪೆ ಟಿಬೇಟಿನೋರು ಅವ್ರಲ್ಲ, ಅವ್ರ ದೇಶದ ದೊಡ್ಡೂರು, ಅದೇ ರಾಜದಾನಿ, ಯಾವ್ದು?"

ನಂಜಣ್ಣ ಬಾಯಿ ತೆರೆದ. ರಹಮಾನ್ ಅವನ ತೊಡೆಯ ಮೇಲೆ ಕೈಯಿಟ್ಟು ಅದುಮಿದ.

ನೀಲಾಂಬಿಕೆ ಅವಸರ ಮಾಡಲಿಲ್ಲ. ಬಲಗೈಯನ್ನು ಮಂಡಿಯ ಮೇಲೆ ಇಟ್ಟುಕೊಂಡು, ಅಂಗಳದಾಚೆಯ ಬ್ಯಾರನ್ನಿನ ಕಡೆ ಕಣ್ಣು ನೆಟ್ಟು ಯೋಚಿಸಿದಳು. ಅಯ್ಯನವರ ಲೋಟ ತುಟಿಯವರೆಗೆ ಬಂದು ನಿಂತಿತ್ತು. ಬಾಗಿಲಲ್ಲಿದ್ದ ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡುತ್ತಿದ್ದರು. ಮಣ್ಣಿಗೆ ಬಂದಿದ್ದ ಅಷ್ಟು ಜನವೂ ಉಸಿರು ಬಿಗಿಹಿಡಿದು, ಅವಳೊಬ್ಬಳ ಮುಖವನ್ನೇ ನೋಡುತ್ತ, ಕಾಯುತ್ತ ಕೂತರು.