ಶಿವಲಿಂಗವ್ವನ ಪಾಪ

ಉಪದೇಶಿ ಗಿದ್ಯೋನಪ್ಪ ಸತ್ತವಳ ಟ್ರಂಕಿನ ತಳದವರೆಗೂ ಕೈ ಹಾಕಿದ್ದ. ಎರಡು ಇಳಕಲ್ ಸೀರೆ, ಹರಳೆಣ್ಣೆಯ ಸೀಸೆ, ನೂಲಿನ ಉಂಡೆ, ಹೊಕ್ಕುಳು ಕತ್ತರಿಸುವ ಕತ್ತರಿ, ಕೂಸಿನ ನಾಲ್ಕು ಕುಲಾವಿ. ತಾಯತವಿಲ್ಲ, ಲಿಂಗವಿಲ್ಲ, ಒಂದು ಚಿಟಿಕೆ ಭಂಡಾರವೂ ಇಲ್ಲ. ಅವನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಇಷ್ಟು ಚೊಕ್ಕಟವಾದ ಟ್ರಂಕು ಏನನ್ನೋ ಮುಚ್ಚಿಟ್ಟಿರಲೇಬೇಕು ಎಂದು ಕುಲಾವಿಗಳನ್ನೂ ಒಳಮಗ್ಗುಲು ತಿರುವಿ ನೋಡಿದ.

"ಏನ್ ಹುಡುಕಾಕತ್ತೀರಿ?" ಬಾಗಿಲಲ್ಲಿ ಅವನ ಹೆಂಡತಿ ರಾಹೇಲವ್ವ ನಿಂತಿದ್ದಳು. ಹೆಣದ ಮಗ್ಗುಲಲ್ಲಿ ಕೂತು ಅತ್ತೂ ಅತ್ತೂ ಅವಳ ಮುಖ ಊದಿತ್ತು.

"ಆಕಿ ಪಾಪ."

"ಹೆಣಾ ಇನ್ನೂ ಪಡಸಾಲ್ಯಾಗ ಅದ. ನಾಚಿಕಿ ಆಗೂದಿಲ್ಲೇನ್ರಿ ನಿಮಗ? ನಮ್ಮ ಕೂಸಿನ ತಲೀಗೆ ನೀರು ಹಾಕಿದಾಕಿ ಆಕಿ. ಆಕಿ ಇರದಿದ್ರ ಅದು ಇವತ್ತಿಗೂ ಸ್ಮಶಾನದ ಗ್ವಾಡಿ ಹೊರಗ ನಾಯಿ ಅಡ್ಡಾಡೋ ಜಾಗದಾಗ ಇರತಿತ್ತು."

ಗಿದ್ಯೋನಪ್ಪ ಟ್ರಂಕು ಮುಚ್ಚಿದ. ನಾಚಿಕೆಯೇನೋ ಆಯಿತು, ಆದರೆ ಕೆಲಸ ಕೆಲಸವೇ. ಹುಬ್ಬಳ್ಳಿಯ ಆ ಕ್ರೈಸ್ತ ಸಭೆಯಲ್ಲಿ ಯಾರೇ ಸತ್ತರೂ ಕುಣಿಯ ಮುಂದೆ ಅವರ ಜೀವನ ವೃತ್ತಾಂತ ಓದುವ ಪದ್ಧತಿ. ಹುಟ್ಟಿದ್ದು, ಪಾಪದಲ್ಲಿ ನಡೆದದ್ದು, ಕರ್ತನ ಕಡೆಗೆ ತಿರುಗಿದ್ದು, ಕೊನೆಗೆ ಕರ್ತನಲ್ಲಿ ಮಲಗಿದ್ದು, ಈ ನಾಲ್ಕೂ ಅದರಲ್ಲಿರಬೇಕು. ಮೂವತ್ತು ವರ್ಷದಿಂದ ಅದನ್ನು ಬರೆಯುತ್ತ ಬಂದವನು ಗಿದ್ಯೋನಪ್ಪ. ಒಬ್ಬನಿಗೆ ಸೆರೆ ಕುಡಿತ, ಇನ್ನೊಬ್ಬನಿಗೆ ಜೂಜು, ಮತ್ತೊಬ್ಬಳಿಗೆ ಮಾಟ ಮಾಡಿಸಿದ ಕತೆ. ಪಾಪಕ್ಕೆ ಎಂದೂ ಬರ ಬಂದಿರಲಿಲ್ಲ. ಸೂಲಗಿತ್ತಿ ಶಿವಲಿಂಗವ್ವನ ಪಾಪದ ಸಾಲಿಗೆ ಬಂದಾಗ ಮಾತ್ರ ಲೇಖನಿ ನಿಂತುಹೋಗಿತ್ತು.

ಮಂಗಳೂರಿನಿಂದ ಹೊಸದಾಗಿ ಬಂದ ಪಾದ್ರಿಗಳು ಬೆಳಿಗ್ಗೆ ಕಾಗದ ವಾಪಸು ಕೊಟ್ಟಿದ್ದರು. "ಪಾಪವಿಲ್ಲದ ಮನುಷ್ಯರಿಲ್ಲ, ಉಪದೇಶಿಯವರೇ. ತೇಲಿಸಿ ಬರೆಯಬೇಡಿ. ಇಂಥದ್ದು ಎಂದು ಹೆಸರಿಟ್ಟು ಬರೆಯಿರಿ. ಸಂಜೆ ನಾನೇ ಓದುತ್ತೇನೆ."

ಅವರು ಕಟ್ಟಳೆಯಲ್ಲಿ ಬಲು ಬಿಗಿ. ಬಂದ ತಿಂಗಳಲ್ಲೇ ಸಭೆಯ ಹಳೆಯ ರಜಿಸ್ಟರು ತೆರೆದು, ತಪ್ಪಾಗಿ ಬರೆದ ನಾಲ್ಕು ಮದುವೆಗಳಿಗೆ ಕೆಂಪು ಗೀಟು ಎಳೆದಿದ್ದರು.

*

ಶಿವಲಿಂಗವ್ವ ಉಣಕಲ್ಲಿನವಳು. ಗಂಡ ಸತ್ತ ಮೇಲೆ ಮಿಶನ್ ಕೇರಿಗೆ ಬಂದು ದೀಕ್ಷಾಸ್ನಾನ ಪಡೆದಳು. ಮಾರ್ಥಾ ಎಂದು ಹೆಸರಿಟ್ಟರು. ಆ ಹೆಸರು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಒಂದು ಭಾನುವಾರ ಗಿದ್ಯೋನಪ್ಪ ಹೆಂಗಸರಿಗೆ ಪಾಠ ಹೇಳುತ್ತಿದ್ದ. "ನಾವೆಲ್ಲಾ ತಾಯಿ ಹೊಟ್ಯಾಗಿಂದನ ಪಾಪ ಹೊತಗೊಂಡು ಬಂದವರು."

ಹಿಂದಿನ ಚಾಪೆಯಿಂದ ಶಿವಲಿಂಗವ್ವ ಕೇಳಿದಳು. "ಉಪದೇಶಿಯವರ, ನಾ ಎಷ್ಟೋ ಕೂಸು ಕೈಯಾಗ ತುಗೊಂಡೇನಿ. ನೆತ್ತಿಯಿಂದ ಅಂಗಾಲ ತನಕಾ ತೊಳದೇನಿ. ಪಾಪ ಎಲ್ಲಿ ಹತ್ತಿರತದ ತೋರಸ್ರಿ, ಅದನ್ನೂ ತಿಕ್ಕಿ ತೊಳೀತೇನಿ."

ಹೆಂಗಸರು ಸೆರಗಿನಲ್ಲಿ ನಕ್ಕರು.

"ಅದು ಮೈಮ್ಯಾಲೆ ಇರೂದಲ್ಲವಾ, ಒಳಗಿರತದ."

"ಒಳಗಿಂದು ನಿಮಗ ಹೆಂಗ ಗೊತ್ತಾತ್ರಿ? ಹೊರಗ ಬಂದ ಕೂಡ್ಲೇ ನೋಡಾಕಿ ನಾನು."

ಅವತ್ತಿನಿಂದ ಗಿದ್ಯೋನಪ್ಪನಿಗೆ ಅವಳ ಮೇಲೆ ಗುಮಾನಿ. ಪಾಪವೇ ಇಲ್ಲ ಎನ್ನುವವರ ಹೊಟ್ಟೆಯಲ್ಲಿ ದೊಡ್ಡದೇ ಏನೋ ಇರುತ್ತದೆ ಎಂದು ಅವನ ಎಣಿಕೆ. ಅವಳು ಎದುರು ಸಿಕ್ಕಾಗಲೆಲ್ಲ ಮುಖವನ್ನು ದಿಟ್ಟಿಸಿ ನೋಡುತ್ತಿದ್ದ. ಅವಳು ನಗುತ್ತಿದ್ದಳು. ಆ ನಗೆಯ ಮೇಲೂ ಅವನಿಗೆ ನಂಬಿಕೆ ಇರಲಿಲ್ಲ.

*

ಅವಳ ದೀಕ್ಷಾಸ್ನಾನದ ತಾರೀಖಾದರೂ ಬರೆಯೋಣವೆಂದು ಅವನು ದೇವಾಲಯದ ಹಿಂದಿನ ಕೋಣೆಗೆ ಹೋಗಿ ರಜಿಸ್ಟರು ಬಿಚ್ಚಿದ. ಕೈಗೆ ಸಿಕ್ಕಿದ್ದು ಮಣ್ಣು ಮಾಡಿದವರ ಪುಸ್ತಕ. ಹಾಳೆ ಮಗುಚುತ್ತ ಅವನ ಬೆರಳು ಒಂದು ಕಡೆ ನಿಂತಿತು. ಹುಟ್ಟಿದ ದಿನವೇ ಸತ್ತ ಕೂಸು, ಮುಂದೆ "ಸೂಲಗಿತ್ತಿಯಿಂದ ದೀಕ್ಷಾಸ್ನಾನ" ಎಂಬ ಷರಾ. ನಾಲ್ಕು ಹಾಳೆಯ ಆಚೆ ಮತ್ತೊಂದು, ಅದೇ ಷರಾ. ಷರಾ ಮಾತ್ರ ಎಣಿಸುತ್ತ ಕೊನೆಯವರೆಗೂ ನೋಡಿದ. ಹನ್ನೊಂದು ಕೂಸು. ಹನ್ನೊಂದಕ್ಕೂ ಸಾಯುವ ಮುನ್ನ ನೀರು ಬಿದ್ದಿತ್ತು, ಹನ್ನೊಂದೂ ಗೋಡೆಯ ಒಳಗೆ ಮಲಗಿದ್ದವು. ಸಾಯುವಂತಿದ್ದ ಕೂಸಿಗೆ ಸೂಲಗಿತ್ತಿಯೂ ದೀಕ್ಷಾಸ್ನಾನದ ನೀರು ಹಾಕಬಹುದಿತ್ತು, ಹಾಕುವ ಮೊದಲೇ ಸತ್ತರೆ ಸ್ಮಶಾನದ ಗೋಡೆಯ ಹೊರಗೇ ಕುಣಿ.

ಒಂದಾದರೂ ಹೊಟ್ಟೆಯಲ್ಲೇ ಸತ್ತು ಬರಲಿಲ್ಲವೇ? ಉಳಿದ ಸೂಲಗಿತ್ತಿಯರ ಕೈಯಲ್ಲಿ ಬರುತ್ತಿದ್ದವಲ್ಲ!

ಸಿಕ್ಕಿಬಿದ್ದಳು ಎಂದು ಒಂದು ಗಳಿಗೆ ಖುಷಿಯೇ ಆಯಿತು. ಮರುಗಳಿಗೆ ಮೂರನೆಯ ನಮೂದು ಕಣ್ಣಿಗೆ ಬಿತ್ತು. "ಉಪದೇಶಿ ಗಿದ್ಯೋನನ ಗಂಡುಮಗು, ೧೯೧೮."

*

ಹದಿನೆಂಟು ವರ್ಷದ ಹಿಂದಿನ ಆ ಮಧ್ಯಾಹ್ನ ಅವನು ಅಂಗಳದಲ್ಲಿ ನಿಂತಿದ್ದ. ಒಳಗೆ ರಾಹೇಲವ್ವನಿಗೆ ಎಚ್ಚರ ತಪ್ಪಿತ್ತು. ಎಷ್ಟು ಕಿವಿಗೊಟ್ಟರೂ ಕೂಸಿನ ಅಳು ಕೇಳಲಿಲ್ಲ. ಶಿವಲಿಂಗವ್ವ ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು.

"ಉಸಿರಿತ್ರಿ. ನೀರು ಹಾಕಿ ತಂದೆ, ಮಗ, ಪವಿತ್ರಾತ್ಮ ಅಂದೆ. ಆಮ್ಯಾಲೆ ಹೋತು. ಗ್ವಾಡಿ ಒಳಗ ಮಣ್ಣು ಮಾಡ್ರಿ."

"ಖರೇನು?"

"ಖರೇ."

ಅವನು ಅಲ್ಲೇ ಮೊಣಕಾಲೂರಿ ದೇವರಿಗೆ ಸ್ತೋತ್ರ ಹೇಳಿದ್ದ. ಮಗ ಹೋದನೆಂದು ಅತ್ತಿದ್ದಕ್ಕಿಂತ ಮಗನ ಆತ್ಮ ಉಳಿಯಿತೆಂದು ಅತ್ತದ್ದೇ ಹೆಚ್ಚು.

*

ಶಿವಲಿಂಗವ್ವನ ಹಿತ್ತಿಲಲ್ಲಿ ಕರೀಮಾಬಿ ಹೆಣ ತೊಳೆಯಲು ನೀರು ಕಾಯಿಸುತ್ತಿದ್ದಳು. ನೆರೆಮನೆಯವಳು. ಎಲ್ಲ ಹೆರಿಗೆಗೂ ಶಿವಲಿಂಗವ್ವನ ಬೆನ್ನಿಗೆ ಬಿಸಿನೀರು ಹೊತ್ತು ಹೋದವಳು.

"ಕರೀಮಾಬಿ, ನಮ್ಮ ಕೂಸಿಗೆ ಉಸಿರಿತ್ತೇನು?"

ಅವಳು ಒಲೆಯಿಂದ ಮುಖ ಎತ್ತಲಿಲ್ಲ. "ಆಕಿ ಏನ್ ಹೇಳಿದ್ಲೋ ಅದರೀ."

"ಆಕಿ ಸತ್ತಾಳ. ನೀ ಹೇಳು."

"ಕೇಳಬ್ಯಾಡ್ರಿ, ಸಾಹೇಬ್ರ. ಹದಿನೆಂಟು ವರ್ಷ ಸುಖದಾಗ ಇದ್ದೀರಿ."

"ಹೇಳು!"

ಕರೀಮಾಬಿ ಕೊಳ್ಳಿ ಹಿಂದೆ ಸರಿಸಿದಳು. "ನೀಲಿಗಟ್ಟಿ ಬಂದಿತ್ರಿ. ಬಾಯಿಗೆ ಬಾಯಿ ಹಚ್ಚಿ ಅರ್ಧಾ ತಾಸು ಊದಿದ್ಲು. ಆಗಲಿಲ್ಲ. ಕಿಡಕ್ಯಾಗಿಂದ ನಿಮ್ಮನ್ನ ನೋಡಿ, ‘ಕರೀಮಾ, ಈ ಮನಶ್ಯಾ ಖರೇ ಕೇಳಿದ್ರ ಬದಕೂದಿಲ್ಲ’ ಅಂದ್ಲು."

"ಉಳದ ಕೂಸು?"

"ಎರಡಕ್ಕ ಉಸಿರಿತ್ತು. ಉಳದವಕ್ಕ ಆಕಿ ಬಾಯಿಮಾತ ಇತ್ತು."

ಗಿದ್ಯೋನಪ್ಪ ಬಾವಿಯ ಕಟ್ಟೆಯ ಮೇಲೆ ಕೂತ. ಸಿಟ್ಟು ಬರಬೇಕಿತ್ತು, ಹುಡುಕಿದರೂ ಸಿಗಲಿಲ್ಲ. "ದೇವರ ಹೆಸರಿನ್ಯಾಗ ಸುಳ್ಳು... ಪಾಪ ಅನಸಲಿಲ್ಲೇನು ಆಕೀಗೆ?"

"ನಾನೂ ಕೇಳಿದ್ದೆರಿ. ‘ಪಾಪ ಆದ್ರ ನನ್ನ ತಲಿಮ್ಯಾಲೆ ಇರಲಿ, ಕೂಸಿನ ತಲಿಮ್ಯಾಲೆ ಯಾಕ’ ಅಂದ್ಲು."

*

ಸಂಜೆ ಸ್ಮಶಾನದಲ್ಲಿ ಕುಣಿಯ ಸುತ್ತ ಜನ ಸೇರಿದ್ದರು, ಅವಳ ಕೈಯಲ್ಲಿ ಹುಟ್ಟಿದವರೇ ಅರ್ಧಕ್ಕರ್ಧ. ಪಾದ್ರಿಗಳು ವೃತ್ತಾಂತ ಓದುತ್ತ ನಡುವೆ ತಡೆದರು.

"ಉಪದೇಶಿಯವರೇ, ಇಲ್ಲೊಂದು ಸಾಲು ಖಾಲಿ ಇದೆ."

ಗಿದ್ಯೋನಪ್ಪ ತಲೆ ಎತ್ತಿದ. ಗೋಡೆಯ ಒಳಬದಿಯಲ್ಲಿ ಒಂದು ಪುಟ್ಟ ಕಲ್ಲು, ಅವರ ಕೂಸಿನದು. ರಾಹೇಲವ್ವ ಅದರ ಪಕ್ಕದಲ್ಲಿ ನಿಂತು, ಸೆರಗಿನಿಂದ ಅದರ ಧೂಳು ಒರೆಸುತ್ತಿದ್ದಳು. ಒಂದು ಮಾತು ಆಡಿದರೆ ಸಾಕಿತ್ತು, ನಾಳೆ ರಜಿಸ್ಟರಿನಲ್ಲಿ ಆ ಕೂಸಿನ ಸಾಲಿಗೂ ಕೆಂಪು ಗೀಟು ಬೀಳುತ್ತಿತ್ತು.

"ಹುಡುಕಿದೆನ್ರಿ, ಅಯ್ಯನವರ. ಸಿಗಲಿಲ್ಲ."

"ಏನೂ ಸಿಗಲಿಲ್ಲವೇ?" ಪಾದ್ರಿಗಳು ಅವನ ಮುಖವನ್ನು ದಿಟ್ಟಿಸಿದರು. ಆ ನೋಟ ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷ ಅವನೇ ಶಿವಲಿಂಗವ್ವನನ್ನು ಹಾಗೆ ನೋಡಿದ್ದ.

"ಏನೂ ಇಲ್ರಿ."

"ಖರೆಯೇ?"

"ಖರೇ."

ಪಾದ್ರಿಗಳು ಉಳಿದದ್ದನ್ನು ಓದಿ ಮುಗಿಸಿದರು. ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರಾಗಿ ಕುಣಿಯ ಬದಿಯ ರಾಶಿಯಿಂದ ಹಿಡಿ ಹಿಡಿ ಮಣ್ಣು ಹಾಕಿದರು. ಗಿದ್ಯೋನಪ್ಪನ ಸರದಿ ಬಂತು. ಅವನು ರಾಶಿಯನ್ನು ದಾಟಿ ಗೋಡೆಯ ಕಡೆಗೆ ನಡೆದ.

"ಮಣ್ಣು ಇಲ್ಲಿದೆ, ಉಪದೇಶಿಯವರೇ," ಎಂದರು ಪಾದ್ರಿಗಳು.

ಅವನು ತಿರುಗಲಿಲ್ಲ. ಪುಟ್ಟ ಕಲ್ಲಿನ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಹುಲ್ಲು ಸರಿಸಿದ. ಹದಿನೆಂಟು ವರ್ಷದಿಂದ ಗಟ್ಟಿಯಾಗಿದ್ದ ನೆಲವನ್ನು ಉಗುರಿನಿಂದ ಕೆದರಿ ಒಂದು ಹಿಡಿ ತುಂಬಿಕೊಂಡ. ರಾಹೇಲವ್ವ ಏನೂ ತಿಳಿಯದೆ ನೋಡುತ್ತಿದ್ದಳು. ಹಿಡಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು ಬಂದು, ಕುಣಿಗೆ ಬಗ್ಗಿ, ಸೂಲಗಿತ್ತಿಯ ಕೈಗಳು ಇದ್ದಿರಬಹುದಾದ ಜಾಗ ನೋಡಿ ಮೆಲ್ಲಗೆ ಇಳಿಬಿಟ್ಟ.